ಅಳತೆ ಮೊದಲು, ಅರ್ಥ ಆಮೇಲೆ

ಈ ವರ್ಷ ಕಲಾಶಾಲೆಗಳ ಶಿಲ್ಪಕಲಾ ವಿಭಾಗಕ್ಕೆ ಸೇರಿರುವ ಗೆಳೆಯ ಗೆಳತಿಯರಿಗೆ,



ಇನ್ನು ಕೆಲವು ತಿಂಗಳಲ್ಲಿ ನಿಮ್ಮ ಮೇಷ್ಟ್ರು ‘ಒಂದು ಅಮೂರ್ತ ಶಿಲ್ಪದ ವಿನ್ಯಾಸ ಮಾಡಿಕೊಂಡು ಬನ್ನಿ’ ಎನ್ನುತ್ತಾರೆ. ಆ ಸಂಜೆಯೇ ಹಾಸ್ಟೆಲಿನ ಮೊಬೈಲುಗಳಲ್ಲಿ ಒಂದೇ ಬಗೆಯ ಫೋಟೊಗಳು ಹರಿದಾಡತೊಡಗುತ್ತವೆ. ನುಣ್ಣಗೆ ಬಾಗಿದ ಬಿಳಿ ಆಕಾರ, ನಡುವೆ ಒಂದು ತೂತು, ಕೆಳಗೆ ಕರಿಯ ಪೀಠ. ಜೊತೆಗೊಂದು ಕಾನ್ಸೆಪ್ಟ್ ನೋಟ್: ಮನುಷ್ಯ ಮತ್ತು ಪ್ರಕೃತಿಯ ಸಂಬಂಧ, ಬದುಕಿನ ಪಯಣ, ಅನಂತದ ಹುಡುಕಾಟ. ಪ್ರತಿ ವರ್ಷ ಜ್ಯೂರಿಯ ದಿನ ಈ ಮಾತುಗಳನ್ನು ಕೇಳುತ್ತಾ ಬಂದಿದ್ದೇನೆ. ಹಾಗೆ ಬರೆಯುವವರು ಸೋಮಾರಿಗಳೆಂದು ನಾನು ಹೇಳಲಾರೆ. ಕೈ ಕಾಲು ಮುಖ ಇಲ್ಲದ ಶಿಲ್ಪವನ್ನು ಎಲ್ಲಿಂದ ಶುರುಮಾಡಬೇಕೆಂದು ಯಾರೂ ಅವರಿಗೆ ಪಕ್ಕದಲ್ಲಿ ಕೂತು ತೋರಿಸಿರುವುದಿಲ್ಲ, ಅಷ್ಟೆ. ನನ್ನ ಅಂತಿಮ ವರ್ಷದ ಶಿಲ್ಪಕ್ಕಾಗಿ ನಾನು ಹುಡುಕಿದ್ದು, ಅಳೆದದ್ದು, ಬಿಟ್ಟದ್ದು ಎಲ್ಲವನ್ನೂ ನಿಮಗೆ ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ನಂಬಿರುವುದು ಇಷ್ಟು. ಅಮೂರ್ತ ಶಿಲ್ಪಕ್ಕೆ ಹೊರಡಬೇಕಾದದ್ದು ಮುಟ್ಟಲು ಸಿಗುವ ಒಂದೇ ಒಂದು ವಸ್ತುವಿನಿಂದ. ಅದನ್ನು ಅಳತೆಪಟ್ಟಿಯಿಂದ, ಬೆರಳಿನಿಂದ, ಜೇಡಿಮಣ್ಣಿನಿಂದ ಪೂರ್ತಿ ತಿಳಿದುಕೊಂಡ ಮೇಲೆ ಏನನ್ನು ತೆಗೆಯಬೇಕು ಎಂಬುದು ಗೊತ್ತಾಗುತ್ತದೆ. ಅರ್ಥದ ಮಾತು ಆಮೇಲೆ ಬರಲಿ.

ಶಿಲ್ಪಿ ಬ್ರಾಂಕುಸಿಯ ಹಕ್ಕಿಗಳನ್ನೇ ನೋಡಿ. ರೊಮೇನಿಯಾದ ಹಳ್ಳಿಯಲ್ಲಿ 1876ರಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಈತ 1910ರ ಹೊತ್ತಿಗೆ ತನ್ನ ನಾಡಿನ ಜಾನಪದ ಕತೆಗಳ ‘ಮಾಯಾಸ್ತ್ರ’ ಎಂಬ ಹಕ್ಕಿಯನ್ನು ಅಮೃತಶಿಲೆಯಲ್ಲಿ ಕಡೆಯಲು ತೊಡಗಿದ. ಅದಕ್ಕೆ ಎದೆಯಿತ್ತು, ಕತ್ತಿತ್ತು, ತೆರೆದ ಕೊಕ್ಕಿತ್ತು. 1923ರ ಹೊತ್ತಿಗೆ ಬಂದ ‘ಬರ್ಡ್ ಇನ್ ಸ್ಪೇಸ್’ನಲ್ಲಿ ಅವೆಲ್ಲ ಹೋಗಿ ಮೇಲಕ್ಕೆ ಚಿಮ್ಮುವ ಒಂದು ಗೆರೆಯಷ್ಟೇ ಉಳಿದಿತ್ತು. 1926ರಲ್ಲಿ ಅದರ ಹಲವು ಆವೃತ್ತಿಗಳಲ್ಲೊಂದು ಹಡಗಿನಲ್ಲಿ ನ್ಯೂಯಾರ್ಕಿಗೆ ಹೋದಾಗ ಸುಂಕದವರು ಇದು ಕಲಾಕೃತಿಯೇ ಅಲ್ಲವೆಂದು ಅಡುಗೆಮನೆ ಮತ್ತು ಆಸ್ಪತ್ರೆಯ ಸಾಮಾನಿನ ಪಟ್ಟಿಗೆ ಸೇರಿಸಿ ಶೇ. 40ರಷ್ಟು ಸುಂಕ ಹಾಕಿದರು. ಕೇಸು ನಡೆದು 1928ರಲ್ಲಿ ತೀರ್ಪು ಶಿಲ್ಪಿಯ ಪರವಾಗಿ ಬಂತು. ಈ ಕತೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ನಮಗೆ ಮುಖ್ಯವಾಗಬೇಕಾದದ್ದು ಆ ಮೊದಲ ಹಕ್ಕಿಗೂ ಈ ಗೆರೆಗೂ ನಡುವೆ ಹತ್ತು ವರ್ಷ ಮೀರಿದ ಕೆಲಸವಿದೆ ಎಂಬುದು. ಒಂದೊಂದು ಹಕ್ಕಿಯಲ್ಲೂ ಒಂದೊಂದನ್ನು ಕಳೆಯುತ್ತಾ ಆತ ಅಲ್ಲಿಗೆ ಬಂದ. ನಮ್ಮ ದೇಶಕ್ಕೂ ಆ ಹಕ್ಕಿಗಳ ನಂಟಿದೆ. ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಮೂರು ಹಕ್ಕಿಗಳನ್ನು ಕೊಂಡು, ಅವುಗಳಿಗಾಗಿ ಒಂದು ಧ್ಯಾನಮಂದಿರ ಕಟ್ಟಿಸಬೇಕೆಂದಿದ್ದರು. ಅದಕ್ಕಾಗಿ ಬ್ರಾಂಕುಸಿ 1937–38ರಲ್ಲಿ ಭಾರತಕ್ಕೂ ಬಂದುಹೋದ. ಮಂದಿರ ಏಳಲಿಲ್ಲ. ಆ ಮೂರರಲ್ಲಿ ಕಪ್ಪು ಮತ್ತು ಬಿಳಿ ಅಮೃತಶಿಲೆಯ ಎರಡು ಹಕ್ಕಿಗಳು ಈಗ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿವೆ.

ನಾನು ಆರಿಸಿಕೊಂಡ ವಸ್ತು ಕೆರೆಯ ತೂಬು.

ನಮ್ಮದು ಕೋಲಾರದ ಕಡೆಯ ಊರು. ಅಲ್ಲಿ ಕೆರೆ ಎಂದರೆ ಏರಿ, ಕೋಡಿ, ತೂಬು, ಅಚ್ಚುಕಟ್ಟು ಎಲ್ಲವೂ ಸೇರಿ. ಪೇಟೆಯಲ್ಲಿ ಬೆಳೆದ ನಿಮ್ಮಲ್ಲಿ ಕೆಲವರಿಗೆ ತೂಬು ಗೊತ್ತಿರಲಿಕ್ಕಿಲ್ಲ. ಏರಿಗೆ ಹತ್ತಿರ, ಕೆರೆಯಂಗಳದೊಳಗೆ, ಎರಡು ಕಲ್ಲುಕಂಬಗಳು ಎದುರುಬದುರಾಗಿ ನಿಂತಿರುತ್ತವೆ. ಅವುಗಳ ನಡುವೆ ಒಂದರ ಮೇಲೊಂದರಂತೆ ಅಡ್ಡ ಚಪ್ಪಡಿಗಳು. ಪ್ರತಿ ಚಪ್ಪಡಿಯ ನಡುವೆ ಒಂದು ತೂತು, ಎಲ್ಲ ತೂತುಗಳೂ ಒಂದೇ ನೇರಕ್ಕೆ. ಆ ತೂತುಗಳ ಮೂಲಕ ಉದ್ದನೆಯ ಮರದ ಗಳ ಇಳಿಯುತ್ತದೆ. ಗಳದ ತುದಿಯಲ್ಲಿ ಬಿರಡೆ. ತಳದಲ್ಲಿ ಕಲ್ಲಿನ ತೊಟ್ಟಿ, ಅದರ ಮುಚ್ಚಳದಲ್ಲೂ ಒಂದು ತೂತು. ಬಿರಡೆ ಎತ್ತಿದರೆ ನೀರು ಏರಿಯ ಅಡಿಯ ಕಾಲುವೆಯಿಂದ ಗದ್ದೆಗೆ ಹೋಗುತ್ತದೆ, ಇಳಿಸಿದರೆ ನಿಲ್ಲುತ್ತದೆ. ಅದನ್ನು ಎತ್ತಿ ಇಳಿಸುವ ಕೆಲಸ ನೀರುಗಂಟಿಯದು. ಸುಗ್ಗಿಯಲ್ಲಿ ಕಣದಲ್ಲೇ ಅವನಿಗೆ ಆಯ ಅಳೆದು ಕೊಡುತ್ತಿದ್ದರು.

ನಾನು ಹುಡುಗಿಯಾಗಿದ್ದಾಗ ನಮ್ಮ ಕೆರೆಯಲ್ಲಿ ನೀರಿರಲಿಲ್ಲ. ಜಾಲಿ ಬೆಳೆದ ಅಂಗಳದಲ್ಲಿ ಆ ಕಂಬಗಳು ಸುಮ್ಮನೆ ನಿಂತಿದ್ದವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ನಮ್ಮ ಕೆರೆಗೂ ನೀರು ಬಂತು. ಆದರೆ ಆ ನೀರು ಅಂತರ್ಜಲಕ್ಕೆಂದು ತುಂಬಿಸಿದ್ದು, ತೂಬೆತ್ತಿ ಗದ್ದೆಗೆ ಬಿಡುವುದಕ್ಕಲ್ಲ. ಹಾಗಾಗಿ ಕಂಬಗಳು ಸೊಂಟದವರೆಗೆ ನೀರಿನಲ್ಲಿವೆ, ಅವುಗಳ ಕೆಲಸ ಮಾತ್ರ ನಿಂತುಹೋಗಿದೆ. ಉಪಯೋಗ ಕಳೆದುಕೊಂಡ ಮೇಲೂ ಕಣ್ಣು ಹಿಡಿದಿಡುವ ಆಕಾರ ಅದು. ಅದಕ್ಕೇ ಆರಿಸಿಕೊಂಡೆ.

ಅಳತೆಗೆ ನೀರಿಲ್ಲದ ಪಕ್ಕದೂರಿನ ಕೆರೆಗೆ ಹೋದೆ. ಅಳತೆಪಟ್ಟಿ, ಗಾರೆಯವರ ತೂಕದ ಗುಂಡು, ಇದ್ದಿಲು, ದೊಡ್ಡ ಹಾಳೆಗಳು, ಒದ್ದೆ ಗೋಣಿಯಲ್ಲಿ ಸುತ್ತಿದ ಜೇಡಿಮಣ್ಣು ಜೊತೆಗಿತ್ತು. ನಾನು ಕಂಬ ಅಳೆಯುತ್ತಿದ್ದಾಗ ಏರಿಯ ಮೇಲಿಂದ ಒಬ್ಬ ತಾತ ಇಳಿದು ಬಂದರು.

“ಯಾಕಮ್ಮಾ ಕಲ್ಲು ಅಳೀತಿದ್ದೀಯ? ಸರ್ವೆನಾ?”

“ಇಲ್ಲ ತಾತ, ಕಾಲೇಜಿಗೆ. ಇದನ್ನ ನೋಡ್ಕೊಂಡು ಒಂದು ಶಿಲ್ಪ ಮಾಡ್ಬೇಕು.”

“ಹಂಗಾದ್ರೆ ಮೇಲಿನ್ ತೂತಿಗೆ ಕೈ ಹಾಕಿ ನೋಡು. ಏರಿ ಕಡೆ ಸವೆದೈತೆ. ನಮ್ಮಪ್ಪ, ನಮ್ಮ ತಾತ ಎಲ್ರೂ ಗಳ ಆ ಕಡೀಕೇ ವಾಲ್ಸಿ ಎತ್ತಿದ್ದು.”

ನೀರುಗಂಟಿ ಮನೆತನದವರು ಅವರು. ನಾನು ಕೈ ಹಾಕಿದೆ. ಚಪ್ಪಡಿಯ ಹೊರಮೈಯೆಲ್ಲ ಉಳಿಯ ಗುರುತು, ತರಿತರಿ. ತೂತಿನ ಒಳಗೆ ಬೆರಳು ಜಾರಿತು. ಎಷ್ಟೋ ತಲೆಮಾರು ಗಳ, ನೀರು, ಮರಳು ಸೇರಿ ಗ್ರಾನೈಟನ್ನು ತಿಕ್ಕಿ ನುಣುಪು ಮಾಡಿದ್ದವು. ಏರಿಯ ಕಡೆಗೆ ಒಂದು ಮೃದುವಾದ ತಗ್ಗು. ತೂತಿನೊಳಗೆ ಜೇಡಿಮಣ್ಣು ಒತ್ತಿ ಮೆಲ್ಲಗೆ ಅಚ್ಚು ಬಿಡಿಸಿಕೊಂಡೆ. ಕೈಯಲ್ಲಿ ಬಂದದ್ದು ಖಾಲಿ ಜಾಗದ ಆಕಾರ: ಒಂದು ಕಡೆ ಉಬ್ಬಿದ, ನಡು ಕೊಂಚ ಸಣ್ಣಗಾದ ಗುಂಡು. ನಡುವಿನ ಚಪ್ಪಡಿಯಲ್ಲಿ ಉಬ್ಬು ಕಡಿಮೆ, ಕೆಳಗಿನದರಲ್ಲಿ ತೂತು ಹೆಚ್ಚುಕಡಿಮೆ ವೃತ್ತವೇ. ಮೂರನ್ನೂ ಸಾಲಾಗಿ ಇಟ್ಟಾಗ ಗಳ ಎತ್ತುವ ತೋಳಿನ ಚಲನೆ ಕಾಣಿಸಿತು. ನನ್ನ ಶಿಲ್ಪದ ವಸ್ತು ಕಂಬವಲ್ಲ, ಈ ಸವೆತ ಎಂದು ಆಗ ಖಚಿತವಾಯಿತು. ಇಂಟರ್ನೆಟ್ಟಿನಲ್ಲಿ ತೂಬಿನ ಫೋಟೊ ಎಷ್ಟು ಬೇಕಾದರೂ ಸಿಗುತ್ತದೆ. ಯಾವ ಫೋಟೊದಲ್ಲೂ ಈ ತಗ್ಗು ಕಾಣುವುದಿಲ್ಲ.

ಸಂಶೋಧನೆಯ ಇನ್ನೊಂದು ಭಾಗ ಲೈಬ್ರರಿಯದು, ಅದನ್ನು ಬಿಡಬೇಡಿ. ಹೆನ್ರಿ ಮೂರ್ 1921ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಬಿಡುವು ಸಿಕ್ಕಾಗಲೆಲ್ಲ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿ ಮೆಕ್ಸಿಕೊ, ಆಫ್ರಿಕಾಗಳ ಶಿಲ್ಪಗಳನ್ನು ಸ್ಕೆಚ್ ಮಾಡುತ್ತಿದ್ದರು. ಮುಂದೆ ಪೆರಿ ಗ್ರೀನ್ ಹಳ್ಳಿಯ ಅವರ ಸ್ಟುಡಿಯೊದ ಕಪಾಟುಗಳ ತುಂಬ ಬೆಣಚುಕಲ್ಲು, ಎಲುಬು, ಚಿಪ್ಪು. ಜೀವವಿಜ್ಞಾನಿ ಜೂಲಿಯನ್ ಹಕ್ಸ್‌ಲಿ ಕೊಟ್ಟ ಒಂದು ಆನೆಯ ತಲೆಬುರುಡೆಯನ್ನು ಸುತ್ತಲಿಂದ, ಒಳಗಿನಿಂದ ನೋಡುತ್ತಾ ಒಂದಿಡೀ ಎಚ್ಚಿಂಗ್ ಮಾಲಿಕೆಯನ್ನೇ ಮಾಡಿದರು. ಬಾರ್ಬರಾ ಹೆಪ್‌ವರ್ತ್ 1930ರ ದಶಕದ ಆರಂಭದಲ್ಲಿ ಅಲಬಾಸ್ಟರ್ ಕಲ್ಲನ್ನು ಆರಪಾರ ಕೊರೆದಾಗ ಖಾಲಿ ಜಾಗವೂ ಶಿಲ್ಪದ ಭಾಗವಾಯಿತು. ಆ ಕೃತಿ ಯುದ್ಧದಲ್ಲಿ ನಾಶವಾಗಿ ಫೋಟೊದಲ್ಲಷ್ಟೇ ಉಳಿದಿದೆ. ಹೆಪ್‌ವರ್ತ್ ಬಗ್ಗೆ ಓದಿದ ಮೇಲೆ ನಮ್ಮ ತೂಬಿನ ತೂತು ನನಗೆ ಇನ್ನಷ್ಟು ದೊಡ್ಡದಾಗಿ ಕಂಡಿತು. ಅಂದವಾಗಿ ಕಾಣಲೆಂದು ಕೊರೆದ ತೂತುಗಳು ನಮ್ಮ ಕಾಲೇಜುಗಳಲ್ಲಿ ಬೇಕಾದಷ್ಟಿವೆ. ತೂಬಿನದು ಊರಿನ ಅನ್ನಕ್ಕಾಗಿ ಕೊರೆದದ್ದು.

ನಮ್ಮವರನ್ನೂ ಓದಿ. ರಾಮ್‌ಕಿಂಕರ್ ಬೈಜ್ 1940ರ ಹೊತ್ತಿಗೆ ಶಾಂತಿನಿಕೇತನದಲ್ಲಿ ಮಾಡಿದ ‘ಲ್ಯಾಂಪ್ ಸ್ಟ್ಯಾಂಡ್’ ನಮ್ಮ ದೇಶದ ಮೊದಮೊದಲ ಅಮೂರ್ತ ಶಿಲ್ಪಗಳಲ್ಲೊಂದು. ಕಂಚಿಗೆ ಹಣವಿಲ್ಲದ ಜಾಗದಲ್ಲಿ ಅವರು ಸಿಮೆಂಟಿಗೆ ಅಲ್ಲಿಯದೇ ಕೆಂಪು ಜಂಬಿಟ್ಟಿಗೆಯ ಹರಳುಗಳನ್ನು ಬೆರೆಸಿ ಬಯಲಲ್ಲೇ ಕೆಲಸ ಮಾಡಿದರು. ಬೆಂಗಳೂರಿನಲ್ಲಿ ನೆಲೆಸಿರುವ ಬಾಲನ್ ನಂಬಿಯಾರ್ ಅವರ ಸ್ಟೇನ್‌ಲೆಸ್ ಸ್ಟೀಲ್ ಶಿಲ್ಪಗಳ ಹಿಂದೆ ತೆಯ್ಯಂ, ಭೂತಾರಾಧನೆಯಂಥ ಆಚರಣೆಗಳನ್ನು ಅವರು ದಶಕಗಳ ಕಾಲ ಊರೂರು ಸುತ್ತಿ ದಾಖಲಿಸಿದ ದುಡಿಮೆಯಿದೆ. ಬರೋಡಾದಲ್ಲಿ ಕೆ.ಜಿ. ಸುಬ್ರಮಣ್ಯನ್ ಅವರ ಬಳಿ ಕಲಿತ ಮೃಣಾಲಿನಿ ಮುಖರ್ಜಿ ಸೆಣಬಿನ ಹಗ್ಗವನ್ನು ಗಂಟು ಹಾಕುತ್ತಾ ಆಳೆತ್ತರದ ಶಿಲ್ಪಗಳನ್ನು ಕಟ್ಟಿದರು, ಮೊದಲೇ ಡ್ರಾಯಿಂಗ್ ಮಾಡಿಕೊಳ್ಳದೆ. ಆದ್ದರಿಂದ ಎಲ್ಲರೂ ಕಾಗದದ ಮೇಲೇ ವಿನ್ಯಾಸ ಮುಗಿಸಬೇಕೆಂದು ನಾನು ಹೇಳುತ್ತಿಲ್ಲ. ಹಗ್ಗ ಬಿಚ್ಚಿ ಮತ್ತೆ ಕಟ್ಟಬಹುದು. ಗ್ರಾನೈಟ್ ಹಾಗಲ್ಲ.

ಇನ್ನು ಬಿಡುವ ಕೆಲಸ. ನನಗೆ ಇದು ಅಳೆಯುವುದಕ್ಕಿಂತ ಕಷ್ಟವಾಯಿತು. ಇನ್ನೊಂದು ಕೆರೆಯಲ್ಲಿ ತೂಬಿನ ಅಡ್ಡಕಲ್ಲಿನ ಮೇಲೆ ಚಿಕ್ಕ ಗಜಲಕ್ಷ್ಮಿಯ ಕೆತ್ತನೆಯಿತ್ತು. ಎರಡೂ ಕಡೆ ಸೊಂಡಿಲೆತ್ತಿದ ಆನೆಗಳು, ಸವೆದು ಅರ್ಧಂಬರ್ಧ. ಅದರ ಮೇಲೆ ಹಾಳೆಯಿಟ್ಟು ಇದ್ದಿಲು ತಿಕ್ಕಿ ತಂದ ಪ್ರತಿ ಈಗಲೂ ನನ್ನ ಗೋಡೆಯ ಮೇಲಿದೆ. ಶಿಲ್ಪದಲ್ಲಿ ಅದಿಲ್ಲ. ಅದನ್ನು ಸೇರಿಸಿದ್ದರೆ ನೋಡುವವರು ಲಕ್ಷ್ಮಿಗೆ ಕೈ ಮುಗಿದು ಮುಂದೆ ಹೋಗುತ್ತಿದ್ದರು, ತೂತಿನತ್ತ ಬರುತ್ತಿರಲಿಲ್ಲ. ಕಂಬಗಳನ್ನೂ ಬಿಟ್ಟೆ, ಗಳವನ್ನೂ ಬಿಟ್ಟೆ. ಬೇರೆ ಬೇರೆ ವರ್ಷದ ನೀರಿನ ಮಟ್ಟ ಕಂಬಗಳ ಮೇಲೆ ಬರೆದ ಬಿಳಿ ಗೆರೆಗಳನ್ನು ಬಿಡಲು ಬಹಳ ಸಂಕಟವಾಯಿತು, ಅವನ್ನೂ ಬಿಟ್ಟೆ. ತೆಗೆದದ್ದೆಲ್ಲವನ್ನೂ ಸ್ಕೆಚ್‌ಬುಕ್ಕಿನ ಎಡಪುಟದಲ್ಲಿ ಬರೆದು, ಯಾಕೆ ತೆಗೆದೆ ಎಂದು ಎದುರಿಗೆ ಒಂದೊಂದು ವಾಕ್ಯ ಬರೆದಿಟ್ಟೆ. ಈ ಅಭ್ಯಾಸವನ್ನು ನೀವೂ ಮಾಡಿಕೊಳ್ಳಿ. ಜ್ಯೂರಿಯಲ್ಲಿ ‘ಇದು ಯಾಕೆ ಹೀಗಿದೆ’ ಎಂದು ಕೇಳಿದಾಗ ಆ ಪುಟಗಳೇ ಉತ್ತರ ಕೊಡುತ್ತವೆ.

ಕೊನೆಗೆ ಉಳಿದದ್ದು ಮೂರು ಚಪ್ಪಡಿ, ಮೂರು ತೂತು. ಅವನ್ನು ಇದ್ದಂತೆಯೇ ಒಂದರ ಮೇಲೊಂದು ಇಟ್ಟರೆ ತೂಬಿನ ನಕಲಾಗುತ್ತದೆ. ಮೇಲಿಂದ ಬಗ್ಗಿ ನೋಡಿದವರಿಗಷ್ಟೇ ಆ ನೇರ ಕಾಣುತ್ತದೆ. ರಟ್ಟಿನ ಮಾಕೆಟ್ಟನ್ನು, ಅಂದರೆ ಸಣ್ಣ ಮಾದರಿಯನ್ನು, ಕೈಯಲ್ಲಿ ತಿರುಗಿಸುತ್ತಿದ್ದಾಗ ಅದು ಅಡ್ಡಬಿತ್ತು, ಹಾಗೇ ಬಿಟ್ಟೆ. ಮಲಗಿದ್ದ ಚಪ್ಪಡಿಗಳು ಎದ್ದು ನಿಂತವು, ಒಂದರ ಹಿಂದೊಂದು. ಗಳ ಇಳಿಯುತ್ತಿದ್ದ ದಾರಿಯಲ್ಲಿ ಈಗ ನೋಡುವವರ ಕಣ್ಣು ಹೋಗಬಹುದಾಗಿತ್ತು.

ಆಮೇಲಿನದು ಲೆಕ್ಕ. ಚಪ್ಪಡಿ 5 ಅಡಿ ಉದ್ದ, 15 ಇಂಚು ಅಗಲ, 6 ಇಂಚು ದಪ್ಪ. ನಮ್ಮ ಕಡೆ ಬೇಲಿಗೆ ಕಲ್ಲುಕೂಚ ನೆಡುವಂತೆ 1 ಅಡಿ ನೆಲದೊಳಗೆ, 4 ಅಡಿ ಮೇಲೆ. ಒಂದು ಚಪ್ಪಡಿಯ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಎರಡೂವರೆ ಅಡಿ ಅಂತರ. ತೂತುಗಳು ನೆಲದಿಂದ ಮೂರೂವರೆ, ಮೂರು, ಎರಡೂವರೆ ಅಡಿ ಎತ್ತರದಲ್ಲಿ, ಅಂದರೆ ಐದು ಅಡಿಗೆ ಒಂದು ಅಡಿ ಇಳಿಜಾರು. ಈ ಇಳಿಜಾರಿನಿಂದ ಒಂದು ಚೆಂದದ ಸಂಗತಿ ಆಗುತ್ತದೆ. ಕಣ್ಣು 5 ಅಡಿ ಎತ್ತರದಲ್ಲಿರುವವರು ಮೊದಲ ಕಲ್ಲಿನಿಂದ ಏಳೂವರೆ ಅಡಿ ದೂರ ನಿಂತರೆ ಮೂರು ತೂತುಗಳೂ ಒಂದಾಗಿ, ಆಚೆಯ ನೆಲ ಕಾಣುತ್ತದೆ. ಕಣ್ಣು 4 ಅಡಿ ಎತ್ತರದಲ್ಲಿರುವ ಮಗು ಎರಡೂವರೆ ಅಡಿ ದೂರದಲ್ಲಿ ನಿಂತರೆ ಸಾಕು. ತಮ್ಮ ಎತ್ತರಕ್ಕೆ ಸರಿಯಾದ ಜಾಗವನ್ನು ಹುಡುಕಿಕೊಳ್ಳಲು ಎಲ್ಲರೂ ಹಿಂದೆ ಮುಂದೆ ನಡೆಯಲೇಬೇಕು. ಎಲ್ಲಿ ನಿಂತು ನೋಡಿದರೂ ದೃಷ್ಟಿ ಕೆಳಮುಖವಾಗಿ, ನೀರು ಹರಿಯುವ ಕಡೆಗೇ ಇಳಿಯುತ್ತದೆ. ಇದನ್ನು ಕಾಗದದ ಮೇಲಷ್ಟೇ ನಂಬಿ ಕೂರಲಿಲ್ಲ. ಥರ್ಮಾಕೋಲಿನಲ್ಲಿ ಪೂರ್ತಿ ಅಳತೆಯ ಚಪ್ಪಡಿ ಮಾಡಿ ಕಾಲೇಜಿನ ಅಂಗಳದಲ್ಲಿ ನಿಲ್ಲಿಸಿ, ಗಿಡ್ಡ ಉದ್ದ ಎಲ್ಲ ಗೆಳೆಯರನ್ನೂ ಕರೆದು ನಿಲ್ಲಿಸಿ ನೋಡಿದೆ. ಸೆಕ್ಯೂರಿಟಿ ಅಣ್ಣನ ಮಗಳು ತನ್ನ ಜಾಗವನ್ನು ಯಾರೂ ಹೇಳಿಕೊಡದೆ ಕಂಡುಕೊಂಡಾಗ ವಿನ್ಯಾಸ ಮುಗಿಯಿತು ಎನಿಸಿತು.

ತೂಕವನ್ನು ಮೊದಲೇ ಲೆಕ್ಕ ಹಾಕಿ. ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕೆಜಿ ತೂಗುತ್ತದೆ. ನನ್ನ ಒಂದೊಂದು ಚಪ್ಪಡಿ 235 ಕೆಜಿ ಹತ್ತಿರ, ಮೂರೂ ಸೇರಿ 700 ಕೆಜಿ. ಅಂಗೈ ಮೇಲೆ ನಿಲ್ಲುವ ಮಾಕೆಟ್ ದೊಡ್ಡದಾದಾಗಲೂ ನಿಲ್ಲುತ್ತದೆ ಎಂದುಕೊಳ್ಳಬೇಡಿ. ಹತ್ತು ಪಟ್ಟು ಹಿಗ್ಗಿಸಿದರೆ ತೂಕ ಸಾವಿರ ಪಟ್ಟಾಗುತ್ತದೆ, ಅದನ್ನು ಹೊರುವ ಕಾಲಿನ ವಿಸ್ತೀರ್ಣ ನೂರು ಪಟ್ಟು ಮಾತ್ರ. ಸಣ್ಣ ಪಾದದ ಮೇಲೆ ವಾಲಿದ ದೊಡ್ಡ ಆಕಾರಗಳು ಬಿರುಕು ಬಿಡುವುದು ಈ ಕಾರಣಕ್ಕೇ.

ಕಲ್ಲಿನ ಕೆಲಸದವರ ಮಾತನ್ನು ಮೇಷ್ಟ್ರ ಮಾತಿನಷ್ಟೇ ಗಮನವಿಟ್ಟು ಕೇಳಿ. ಚಪ್ಪಡಿಯನ್ನು ಅಳತೆಗೆ ಕತ್ತರಿಸಿ ತಂದು ಆಮೇಲೆ ತೂತು ಕೊರೆಯಬೇಕೆಂದು ನಾನು ಬರೆದುಕೊಂಡಿದ್ದೆ. ಕ್ವಾರಿಯ ಮೇಸ್ತ್ರಿ ನನ್ನ ಡ್ರಾಯಿಂಗ್ ನೋಡಿ ಕ್ರಮವನ್ನು ತಿರುವಿ ಹಾಕಿದರು: ಅಗಲ ಜಾಸ್ತಿ ಇರುವಾಗಲೇ ತೂತು ಕೊರೆಯಬೇಕು, ಅಂಚು ಆಮೇಲೆ. ಇಲ್ಲದಿದ್ದರೆ ಪಕ್ಕದ ನಾಲ್ಕೂವರೆ ಇಂಚು ಕಲ್ಲು ಪೆಟ್ಟಿಗೆ ಸೀಳಬಹುದು. ಹಾಗೇ ಮಾಡಿದೆವು. ಹೊರಮೈಯನ್ನು ಬೆಣೆ ಹೊಡೆದು ಸೀಳಿದಂತೆ ತರಿಯಾಗಿಯೇ ಬಿಟ್ಟು, ತೂತಿನ ಒಳಮೈಯನ್ನಷ್ಟೇ ಕಾರ್ಬೊರಂಡಂ ಕಲ್ಲಿನಿಂದ ನೀರು ಹಾಕಿ ತಿಕ್ಕಿದೆ. ಜೇಡಿಮಣ್ಣಿನ ಆ ಅಚ್ಚುಗಳನ್ನು ಪಿಒಪಿಯಲ್ಲಿ ಎರಕ ಹೊಯ್ದು ಪಕ್ಕದಲ್ಲಿಟ್ಟುಕೊಂಡಿದ್ದೆ. ಸವೆತ ಎಷ್ಟು ಆಳ, ಯಾವ ಕಡೆಗೆ ಎಂಬುದಕ್ಕೆ ಅವೇ ಅಳತೆಗೋಲು. ಮಧ್ಯದಲ್ಲೊಂದು ಮಾತು: ಗ್ರಾನೈಟ್ ದೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಪುಪ್ಪುಸವನ್ನು ಹಾಳು ಮಾಡುತ್ತದೆ. ಮೂಗಿಗೆ ಕರ್ಚೀಫು ಕಟ್ಟಿದರೆ ಸಾಲದು, ಸರಿಯಾದ ಮಾಸ್ಕ್ ಹಾಕಿ, ನೀರು ಬಿಟ್ಟುಕೊಂಡೇ ಕೊರೆಯಿರಿ. ನಿಮಗೆ ಕೆಲಸ ಮಾಡಿಕೊಡುವವರಿಗೂ ಮಾಸ್ಕ್ ಕೊಡಿಸಿ.

‘ಇದೇನು?’ ಎಂಬ ಪ್ರಶ್ನೆಗೆ ನೀವು ಹೆದರುತ್ತೀರಿ, ನನಗೆ ಗೊತ್ತು. ಹಳ್ಳಿಯ ಜನಕ್ಕೆ ಅಮೂರ್ತ ಅರ್ಥವಾಗುವುದಿಲ್ಲ ಎಂಬ ಮಾತನ್ನು ಕಲಾಶಾಲೆಗಳಲ್ಲಿ ಪದೇ ಪದೇ ಕೇಳುತ್ತೀರಿ. ನಾನು ಅದನ್ನು ಒಪ್ಪುವುದಿಲ್ಲ. ನಮ್ಮೂರಿನ ನಡುವೆ ಕರುಗಲ್ಲು ನೆಟ್ಟಿದ್ದಾರೆ. ಕಣ್ಣಿಲ್ಲ, ಮೂಗಿಲ್ಲ, ಹೆಸರಿಲ್ಲದ ಒಂದು ಕಲ್ಲು. ಹಬ್ಬದ ದಿನ ಅದಕ್ಕೆ ನೀರೆರೆದು ಅರಿಶಿನ ಕುಂಕುಮ ಇಡುತ್ತಾರೆ. ಅದೇನೆಂದು ಯಾರೂ ಯಾರನ್ನೂ ಕೇಳುವುದಿಲ್ಲ, ಅದು ಏಕೆ ಅಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕಬ್ಬಿಣಯುಗದ ಜನ ಬರೀ ಚಪ್ಪಡಿಗಳನ್ನು ನಿಲ್ಲಿಸಿ, ಕೆಲವಕ್ಕೆ ಗುಂಡನೆಯ ಕಿಂಡಿ ಕೊರೆದು ಕಟ್ಟಿದ ನೂರಾರು ಸಮಾಧಿಗಳಿವೆ. ಆಕೃತಿಯಿಲ್ಲದ ಕಲ್ಲಿನ ಜೊತೆ ಬಾಳುವುದು ಈ ನೆಲಕ್ಕೆ ಹೊಸದೇನಲ್ಲ. ಯಾವುದರಿಂದಲೂ ಹುಟ್ಟದ ಆಕಾರ ಎದುರಿಗೆ ಬಂದಾಗ ಮಾತ್ರ ಜನ ‘ಇದೇನು’ ಎನ್ನುತ್ತಾರೆ, ಹಾಗೆ ಕೇಳುವುದು ನ್ಯಾಯವೂ ಹೌದು.

ಆ ನೀರುಗಂಟಿ ತಾತನನ್ನು ಪ್ರದರ್ಶನಕ್ಕೆ ಕರೆಸಿದ್ದೆ. ಫಲಕದಲ್ಲಿ ತೂಬು ಎಂಬ ಮಾತೇ ಇರಲಿಲ್ಲ. ಅವರು ಕಲ್ಲುಗಳ ಸುತ್ತ ಒಂದು ಸುತ್ತು ಬಂದು, ಮೊದಲ ತೂತಿನೊಳಗೆ ಕೈಯಿಟ್ಟು, ಸವೆದ ಕಡೆಯನ್ನು ಹೆಬ್ಬೆರಳಿನಿಂದ ಸವರಿ, “ಏರಿ ಈ ಕಡೀಗಾ?” ಎಂದು ಕೇಳಿದರು. ಜ್ಯೂರಿ ಕೊಟ್ಟ ಅಂಕಗಳಿಗಿಂತ ಆ ಪ್ರಶ್ನೆಯನ್ನು ನಾನು ದೊಡ್ಡದೆಂದು ಎಣಿಸುತ್ತೇನೆ.

ನಿಮ್ಮ ವಸ್ತು ತೂಬೇ ಆಗಬೇಕಿಲ್ಲ. ಮೀನಿನ ಬಲೆಯ ಗುಂಡು, ಮಗ್ಗದ ಲಾಳಿ, ನಿಮ್ಮ ಅಪ್ಪನ ಗ್ಯಾರೇಜಿನಲ್ಲಿ ಸವೆದ ಗೇರುಚಕ್ರ ಯಾವುದಾದರೂ ಆದೀತು. ಒಂದನ್ನೇ ಹಿಡಿಯಿರಿ. ಅದನ್ನು ಬಳಸಿದವರನ್ನು ಮಾತಾಡಿಸಿ. ಕಾನ್ಸೆಪ್ಟ್ ನೋಟನ್ನು ಎಲ್ಲಕ್ಕಿಂತ ಕೊನೆಗೆ ಬರೆಯಿರಿ.

ಹಳೆಯ ತೂಬು, ವೀರಗಲ್ಲು, ಗಾಣದ ಕಲ್ಲುಗಳಿಂದ ಕೆಲಸ ಮಾಡುವವರಲ್ಲಿ ಒಂದು ವಿನಂತಿಯಿದೆ. ಅವನ್ನು ಕಿತ್ತು ಕಾಲೇಜಿಗೆ ತರಬೇಡಿ. ಅವು ಆ ಊರಿನವು. ಕೆರೆ ಅಭಿವೃದ್ಧಿಯ ಕೆಲಸ ನಡೆಯುವಾಗ ಎಷ್ಟೋ ಕಡೆ ಹಳೆಯ ತೂಬುಗಳು ಕಾಂಕ್ರೀಟಿನಡಿ ಮುಚ್ಚಿಹೋಗುತ್ತಿವೆ, ಅವುಗಳ ಅಳತೆ ಯಾರ ಬಳಿಯೂ ಇಲ್ಲ. ಶಿಲ್ಪದ ವಿದ್ಯಾರ್ಥಿಗಳಾದ ನಮಗೆ ಅಳೆಯಲು ಬರುತ್ತದೆ, ಬರೆಯಲು ಬರುತ್ತದೆ. ನೀವು ಹೋದ ಕಡೆ ಪೂರ್ತಿ ಅಳತೆಯ ಡ್ರಾಯಿಂಗ್ ಮಾಡಿ, ಅದರ ಒಂದು ಪ್ರತಿಯನ್ನು ಆ ಊರಿನ ಪಂಚಾಯಿತಿಗೆ ಕೊಟ್ಟು ಬನ್ನಿ.

ಪ್ರೀತಿಯಿಂದ,
ಶಿಲ್ಪಕಲಾ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿನಿ